ವಿಜ್ಞಾನದಿಂದ ವಿನಾಯಿತಿ ಬೇಡ, ವಿಜ್ಞಾನ ಓದಲು ವ್ಯವಸ್ಥೆ ಬೇಕು

(ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು, ಪಿಯು ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಉಪನ್ಯಾಸಕರು, ಕೆಲವು ಪೋಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿಯನ್ನು ನೀವೆಲ್ಲ ಪ್ರತಿ ವರ್ಷ ನೋಟಿಸ್ ಬೋರ್ಡಿಗೆ ಅಂಟಿಸುತ್ತೀರಿ. ಅದರಲ್ಲಿ ಗಣಿತದ ದಿನ, ಗಣಿತದ ಪಕ್ಕದಲ್ಲೇ ಸಮಾಜಶಾಸ್ತ್ರ ಎಂದು ಅಚ್ಚಾಗಿರುತ್ತದೆ. ವಿಜ್ಞಾನದ ದಿನ ಅದರ ಪಕ್ಕದಲ್ಲಿ ರಾಜ್ಯಶಾಸ್ತ್ರ, ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ ಎಂದಿರುತ್ತದೆ. ಇವು ವಿಕಲಚೇತನ ಮಕ್ಕಳಿಗೆ ಇಟ್ಟಿರುವ ಬದಲಿ ವಿಷಯಗಳು. ಗಣಿತ ಕಷ್ಟವಾದರೆ ಸಮಾಜಶಾಸ್ತ್ರ ಬರೆಯಬಹುದು, ವಿಜ್ಞಾನ ಕಷ್ಟವಾದರೆ ಸಂಗೀತ ತೆಗೆದುಕೊಳ್ಳಬಹುದು.

ಇದನ್ನು ಮಾಡಿದವರ ಮನಸ್ಸು ಒಳ್ಳೆಯದೇ. ಎಷ್ಟೋ ಮಕ್ಕಳು ಈ ವಿನಾಯಿತಿಯಿಂದಲೇ ಹತ್ತನೇ ತರಗತಿ ದಾಟಿದ್ದಾರೆ. ಅದನ್ನು ಕಿತ್ತುಹಾಕಿ ಎಂದು ನಾನು ಹೇಳುವುದಿಲ್ಲ. ಆದರೆ ಶಾಲೆಗಳಲ್ಲಿ ನಡೆಯುವುದೇನು ನೋಡಿ. ಕಣ್ಣು ಕಾಣದ ಹುಡುಗಿ ಎಂಟನೇ ತರಗತಿಗೆ ಬರುತ್ತಾಳೆ. ನಿನಗೆ ಗಣಿತ ಇಷ್ಟವೇ ಎಂದು ಯಾರೂ ಅವಳನ್ನು ಕೇಳುವುದಿಲ್ಲ. 'ಪಾಪ, ಸುಮ್ನೆ ಯಾಕೆ ಕಷ್ಟ, ಬದಲಿ ವಿಷಯ ಹಾಕಿಬಿಡೋಣ' ಎಂದು ದೊಡ್ಡವರೇ ತೀರ್ಮಾನ ಮಾಡುತ್ತಾರೆ. ಗಣಿತದ ಪೀರಿಯಡ್ಡಿನಲ್ಲಿ ಅವಳು ಹಿಂದೆ ಕೂತಿರುತ್ತಾಳೆ, ಇಲ್ಲವೇ ಹೊರಗೆ. ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಪಿಯುಸಿ ಸೈನ್ಸ್ ಅವಳ ಪಾಲಿಗೆ ಮುಚ್ಚಿದ ಬಾಗಿಲು. ಅಲ್ಲಿಗೆ ಡಿಪ್ಲೊಮಾ ಹೋಯಿತು, ಸಿಇಟಿ ಹೋಯಿತು, ಎಂಜಿನಿಯರಿಂಗ್ ಹೋಯಿತು. ಹದಿನಾಲ್ಕನೇ ವಯಸ್ಸಿನಲ್ಲಿ, ಅವಳನ್ನು ಕೇಳದೆ, ಇಷ್ಟೆಲ್ಲ ಮುಗಿದುಹೋಗುತ್ತದೆ.

ಆಮೇಲೆ ಎಂಜಿನಿಯರಿಂಗ್ ಕಾಲೇಜಿನವರು 'ನಮ್ಮಲ್ಲಿ ಸೀಟು ಇದೆ, ಅಂಧ ವಿದ್ಯಾರ್ಥಿಗಳು ಅರ್ಜಿಯನ್ನೇ ಹಾಕುವುದಿಲ್ಲ' ಎನ್ನುತ್ತಾರೆ. ಕಂಪನಿಯವರು 'ಕೆಲಸ ಇದೆ, ಜನ ಸಿಗುವುದಿಲ್ಲ' ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಅವರಲ್ಲಿ ವಿಜ್ಞಾನಿ ಆಗಬಹುದಾಗಿದ್ದವರು ಎಲ್ಲಿ ಹೋದರು ಎಂದು ಹುಡುಕಿದರೆ, ದಾರಿ ಬಹಳ ಸಲ ಎಂಟು, ಒಂಬತ್ತನೇ ತರಗತಿಗೇ ಬಂದು ನಿಲ್ಲುತ್ತದೆ. ಅದಕ್ಕೇ ಇಂದು ಹೈಸ್ಕೂಲಿನ ಶಿಕ್ಷಕರೂ ಈ ಸಭೆಯಲ್ಲಿ ಇರಬೇಕು ಎಂದು ನಾನು ಕೇಳಿಕೊಂಡಿದ್ದು.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಅದರ 17ನೇ ಸೆಕ್ಷನ್ ಪಾಠಕ್ರಮ ಮತ್ತು ಪರೀಕ್ಷೆಯಲ್ಲಿ ತಕ್ಕ ಬದಲಾವಣೆ ಮಾಡಿಕೊಡಬೇಕು ಎನ್ನುತ್ತದೆ. ಅಲ್ಲಿ ಕೊಟ್ಟಿರುವ ಉದಾಹರಣೆಗಳು ಮೂರು: ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ. ಗಣಿತ, ವಿಜ್ಞಾನ ಬಿಡಿಸಿ ಎಂಬ ಮಾತು ಆ ಉದಾಹರಣೆಗಳಲ್ಲಿ ಇಲ್ಲ. ಇದನ್ನು ದಯವಿಟ್ಟು ನೆನಪಿಡಿ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ಶೇ. 5 ಸೀಟು ಮೀಸಲು. ಪ್ರವೇಶದ ವಯಸ್ಸಿನ ಮಿತಿಯಲ್ಲಿ 5 ವರ್ಷ ಸಡಿಲಿಕೆ. ಸರ್ಕಾರಿ ಕೆಲಸದಲ್ಲಿ ಶೇ. 4. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ ಸಕ್ಷಮ್ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ, ಕುಟುಂಬದ ಆದಾಯ 8 ಲಕ್ಷದ ಒಳಗಿರಬೇಕು, ಡಿಪ್ಲೊಮಾದವರಿಗೂ ಸಿಗುತ್ತದೆ. ನಿಮ್ಮ ಕಾಲೇಜಿನಲ್ಲಿ ಒಬ್ಬ ವಿಕಲಚೇತನ ವಿದ್ಯಾರ್ಥಿ ಇದ್ದರೂ ಈ ಅರ್ಜಿ ಹಾಕಿಸಿ.

ಕಾಗದದ ಮೇಲಿರುವ ಹಕ್ಕು ಕೈಗೆ ಬರುವುದು ಬೇರೆ ಮಾತು. ಆಂಧ್ರದ ಹಳ್ಳಿಯ, ಕಣ್ಣು ಕಾಣದ ಹುಡುಗ ಶ್ರೀಕಾಂತ್ ಬೊಲ್ಲಾ ಹತ್ತನೇ ತರಗತಿ ಚೆನ್ನಾಗಿ ಪಾಸು ಮಾಡಿದ. ಮುಂದೆ ವಿಜ್ಞಾನ ಓದುತ್ತೇನೆ ಎಂದ. ಕಣ್ಣು ಕಾಣದವರಿಗೆ ವಿಜ್ಞಾನ ಇಲ್ಲ ಎಂಬ ಉತ್ತರ ಬಂತು. ಕಾನೂನು ಹೋರಾಟ ಮಾಡಿ ಸೀಟು ಪಡೆದ, ಆಮೇಲೆ ಅಮೆರಿಕದ ಎಂಐಟಿಗೆ ಹೋದ, ವಾಪಸ್ ಬಂದು ಹೈದರಾಬಾದಿನಲ್ಲಿ ಉದ್ಯಮ ಕಟ್ಟಿದ. ದೆಹಲಿಯ, ಕಣ್ಣು ಕಾಣದ ಇನ್ನೊಬ್ಬ ಹುಡುಗ ಕಾರ್ತಿಕ್ ಸಾಹ್ನಿ ಹನ್ನೊಂದನೇ ತರಗತಿಯಲ್ಲಿ ವಿಜ್ಞಾನ ಓದಲು ಸಿಬಿಎಸ್‌ಇ ಮುಂದೆ ಮತ್ತೆ ಮತ್ತೆ ಮನವಿ ಮಾಡಬೇಕಾಯಿತು. 2013ರಲ್ಲಿ ಹನ್ನೆರಡನೇ ತರಗತಿಯಲ್ಲಿ ಶೇ. 96 ತೆಗೆದ. ಐಐಟಿ ಪ್ರವೇಶದ ಜೆಇಇ ಬರೆಯಲು ಬೇಕಾದ ಅನುಕೂಲ ಸಿಗಲಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಪೂರ್ತಿ ವಿದ್ಯಾರ್ಥಿವೇತನ ಕೊಟ್ಟು ಕರೆದುಕೊಂಡಿತು.

ಈ ಎರಡು ಕತೆ ಕೇಳಿದಾಗ ಜನ ಚಪ್ಪಾಳೆ ತಟ್ಟುತ್ತಾರೆ. ನನಗೆ ಸಂಕಟವಾಗುತ್ತದೆ. ಹತ್ತನೇ ತರಗತಿ ಮುಗಿಸಿದ ಮಗು ವಿಜ್ಞಾನ ಓದಲು ಹೋರಾಟಕ್ಕೆ ಇಳಿಯಬೇಕೇ? ಅಷ್ಟು ಗಟ್ಟಿತನ ಇಲ್ಲದ, ಜೊತೆಗೆ ನಿಲ್ಲುವ ಮೇಷ್ಟ್ರು ಸಿಗದ, ಆದರೆ ಅಷ್ಟೇ ಬುದ್ಧಿ ಇದ್ದ ಮಕ್ಕಳ ಹೆಸರು ನಮಗೆ ಗೊತ್ತಾಗುವುದೇ ಇಲ್ಲ. ಅಸಾಧಾರಣ ಧೈರ್ಯ ಇದ್ದವರಿಗೆ ಮಾತ್ರ ತೆರೆಯುವ ವ್ಯವಸ್ಥೆಯನ್ನು ಒಳ್ಳೆಯ ವ್ಯವಸ್ಥೆ ಎನ್ನಲು ಆಗುವುದಿಲ್ಲ, ಅಲ್ವಾ?

ಈಗ ಲ್ಯಾಬಿಗೆ ಬರೋಣ. 'ಥಿಯರಿ ಹೇಗೋ ಮಾಡಿಸಬಹುದು, ಪ್ರಾಕ್ಟಿಕಲ್ ಹೇಗೆ ಸಾರ್' ಎಂದು ಎಲ್ಲ ಕಡೆ ಕೇಳುತ್ತಾರೆ. ಕಣ್ಣು ಕಾಣದ ಮಗು ಆಮ್ಲ, ಪ್ರತ್ಯಾಮ್ಲ ಹೇಗೆ ಗುರುತಿಸುತ್ತದೆ? ಲಿಟ್ಮಸ್ ಕೆಂಪಾಯಿತೋ ನೀಲಿಯಾಯಿತೋ ಹೇಗೆ ಗೊತ್ತಾಗಬೇಕು?

ಉತ್ತರ ನಮ್ಮ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ. ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ತೆಗೆಯಿರಿ. ವಾಸನೆಯ ಸೂಚಕಗಳು ಎಂದು ಒಂದು ಚಟುವಟಿಕೆ ಬರುತ್ತದೆ. ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಬಟ್ಟೆಯ ತುಂಡುಗಳ ಜೊತೆ ಒಂದು ಚೀಲದಲ್ಲಿ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಡಬೇಕು. ಬೆಳಗ್ಗೆ ಒಂದು ತುಂಡಿನ ಮೇಲೆ ನೀರು ಬೆರೆಸಿ ತೆಳು ಮಾಡಿದ (ಸಾರರಿಕ್ತ) ಹೈಡ್ರೊಕ್ಲೋರಿಕ್ ಆಮ್ಲ, ಇನ್ನೊಂದರ ಮೇಲೆ ಸಾರರಿಕ್ತ ಸೋಡಿಯಂ ಹೈಡ್ರಾಕ್ಸೈಡ್ ಕೆಲವು ಹನಿ. ನೀರಿನಲ್ಲಿ ತೊಳೆದು ಮೂಸಿ ನೋಡಬೇಕು. ಆಮ್ಲ ಬಿದ್ದ ಬಟ್ಟೆಯಲ್ಲಿ ಈರುಳ್ಳಿ ಘಾಟು ಹಾಗೇ ಇರುತ್ತದೆ. ಪ್ರತ್ಯಾಮ್ಲ ಬಿದ್ದದ್ದರಲ್ಲಿ ಹೋಗಿರುತ್ತದೆ. ವೆನಿಲಾ ಎಸೆನ್ಸ್, ಲವಂಗದ ಎಣ್ಣೆಯಲ್ಲೂ ಇದನ್ನು ಮಾಡಬಹುದು. ಇದು ಕಣ್ಣು ಕಾಣದವರಿಗಾಗಿ ಹುಡುಕಿದ ಅಡ್ಡದಾರಿ ಅಲ್ಲ. ಎಲ್ಲ ಮಕ್ಕಳಿಗೂ ಇರುವ ಪಾಠ, ಪಕ್ಕಾ ರಸಾಯನಶಾಸ್ತ್ರ. ಆ ಪುಸ್ತಕದ ಆ ಪುಟ ಯಾವ ಮಗುವಿಗೆ ಎಲ್ಲರಿಗಿಂತ ಚೆನ್ನಾಗಿ ಹೊಂದುತ್ತದೋ ಅದೇ ಮಗುವನ್ನು ನಾವು ವಿಜ್ಞಾನದ ಪೀರಿಯಡ್ಡಿನಿಂದ ಹೊರಗೆ ಕಳಿಸುತ್ತಿದ್ದೇವೆ.

ಮುಂದಿನ ಹಂತದ ಪ್ರಯೋಗಗಳಿಗೂ ದಾರಿ ಇದೆ. ಅಮೆರಿಕದ ಕ್ಯಾರಿ ಸುಪಾಲೊ ಸ್ವತಃ ಕಣ್ಣು ಕಾಣದ ರಸಾಯನಶಾಸ್ತ್ರಜ್ಞ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವರು ಮತ್ತು ಅವರ ಜೊತೆಗಾರರು ದ್ರಾವಣದಲ್ಲಿ ಮುಳುಗಿಸುವ ಒಂದು ಬೆಳಕಿನ ಸೆನ್ಸರ್ ಮಾಡಿದರು. ಬಣ್ಣ ಬದಲಾದರೆ ಅದರ ಶಬ್ದ ಬದಲಾಗುತ್ತದೆ. ಟೈಟ್ರೇಷನ್, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿ ಹನಿಯಾಗಿ ಹಾಕಿ ಅಳೆಯುವ ಪ್ರಯೋಗ, ಮುಗಿದದ್ದು ಕಿವಿಗೆ ಗೊತ್ತಾಗುತ್ತದೆ. ನಮ್ಮ ಎಲೆಕ್ಟ್ರಾನಿಕ್ಸ್ ವಿಭಾಗದ ಹುಡುಗರು ಒಂದು ಎಲ್‌ಡಿಆರ್ (ಬೆಳಕನ್ನು ಗುರುತಿಸುವ ಬಿಡಿಭಾಗ), ಒಂದು ಬಜರ್, ಒಂದು ಮೈಕ್ರೊಕಂಟ್ರೋಲರ್ ಇಟ್ಟುಕೊಂಡು ಈ ತತ್ವದ ಮೇಲೆ ಮಿನಿ ಪ್ರಾಜೆಕ್ಟ್ ಮಾಡಬಹುದು. ಪ್ರತಿ ವರ್ಷ ಅದೇ ಟ್ರಾಫಿಕ್ ಸಿಗ್ನಲ್ ಪ್ರಾಜೆಕ್ಟ್ ಮಾಡಿಸುವ ಬದಲು ಇದನ್ನು ಮಾಡಿಸಿ, ಪಕ್ಕದ ಪಿಯು ಕಾಲೇಜಿನ ಲ್ಯಾಬಿಗೆ ಕೊಡಿ. ದ್ರವ ಅಳೆಯಲು ಸಿರಿಂಜಿನ ದಂಡಕ್ಕೆ ಬೇಕಾದ ಅಳತೆಯಲ್ಲಿ ಕಚ್ಚು ಹಾಕಿದರೆ ಬೆರಳಿಗೇ ತಿಳಿಯುತ್ತದೆ. ಮಾತಾಡುವ ಥರ್ಮಾಮೀಟರ್, ಮಾತಾಡುವ ಮಲ್ಟಿಮೀಟರ್ ಕೂಡ ಇವೆ.

ಅಪಾಯದ ಮಾತು ಬಂದೇ ಬರುತ್ತದೆ. ಆಸಿಡ್ ಚೆಲ್ಲಿದರೆ? ಬರ್ನರ್ ತಾಗಿದರೆ? ಲ್ಯಾಬಿನಲ್ಲಿ ಸುರಕ್ಷತೆ ಬರುವುದು ಶಿಸ್ತಿನಿಂದ. ಯಾವ ಬಾಟಲಿ ಎಲ್ಲಿರಬೇಕೋ ಅಲ್ಲೇ ಇರಬೇಕು, ಬೇರೆಯವರು ಅದನ್ನು ಆಚೀಚೆ ಮಾಡಬಾರದು. ಬಾಟಲಿಯ ಮೇಲೆ ಬ್ರೈಲ್ ಅಥವಾ ಮುಟ್ಟಿದರೆ ತಿಳಿಯುವ ಗುರುತು ಇರಬೇಕು. ಮೊದಲ ದಿನ ಯಾರೂ ಇಲ್ಲದಾಗ ವಿದ್ಯಾರ್ಥಿಯನ್ನು ಕರೆದುಕೊಂಡು ಹೋಗಿ ಬಾಗಿಲು, ಸಿಂಕು, ಗ್ಯಾಸಿನ ಕೊಳವೆ, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿವೆ ಎಂದು ಮುಟ್ಟಿಸಿ ತೋರಿಸಬೇಕು. ಕಿವಿ ಕೇಳದ ವಿದ್ಯಾರ್ಥಿ ಇದ್ದರೆ ಅಲಾರಂ ಜೊತೆ ಮಿನುಗುವ ದೀಪ ಇರಬೇಕು. ಇವು ಎಲ್ಲ ವಿದ್ಯಾರ್ಥಿಗಳಿಗೂ ಒಳ್ಳೆಯವೇ.

ಲ್ಯಾಬ್ ಪಾರ್ಟ್ನರ್ ವಿಷಯದಲ್ಲಿ ಒಂದು ಎಚ್ಚರ ಬೇಕು. ಜೊತೆಗಾರ ರೀಡಿಂಗ್ ಓದಿ ಹೇಳಲಿ, ಬಣ್ಣ ಹೇಳಲಿ. ಮುಂದೇನು ಮಾಡಬೇಕು, ಎಷ್ಟು ಹಾಕಬೇಕು, ಯಾವಾಗ ನಿಲ್ಲಿಸಬೇಕು ಎನ್ನುವುದು ಈ ವಿದ್ಯಾರ್ಥಿಯ ಬಾಯಿಂದಲೇ ಬರಬೇಕು. ಈಗ ಎಷ್ಟೋ ಕಡೆ ನಡೆಯುವುದು ಬೇರೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಒಂದು ಸ್ಟೂಲ್ ಕೊಟ್ಟು ಮೂಲೆಯಲ್ಲಿ ಕೂರಿಸಿ, ಎರಡು ವೈವಾ ಪ್ರಶ್ನೆ ಕೇಳಿ, ಒಳ್ಳೆಯ ಮಾರ್ಕ್ಸ್ ಹಾಕಿ ಕಳಿಸುತ್ತಾರೆ. ಆ ಮಾರ್ಕ್ಸ್ ಆ ಮಗುವಿಗೆ ಏನೂ ಕಲಿಸುವುದಿಲ್ಲ. ನಾಳೆ ಕೆಲಸಕ್ಕೆ ಸೇರಿದಾಗ ಕೈ ಪಳಗಿರುವುದಿಲ್ಲ, ಆಗ ದೂರು ಬರುವುದು ಅವರ ವೈಕಲ್ಯದ ಮೇಲೆ.

ಗಾಲಿಕುರ್ಚಿಯಲ್ಲಿ ಬರುವವರಿಗೆ ಲ್ಯಾಬಿನ ತೊಡಕು ಅಳತೆಯದ್ದು. ನಮ್ಮ ಲ್ಯಾಬಿನ ಟೇಬಲ್ಲುಗಳು ನಿಂತು ಕೆಲಸ ಮಾಡುವವರಿಗಾಗಿ ಕಟ್ಟಿದವು, ಸುಮಾರು 36 ಇಂಚು ಎತ್ತರ. ಕೂತು ಕೆಲಸ ಮಾಡುವವರಿಗೆ 28ರಿಂದ 34 ಇಂಚಿನ ಒಳಗೆ ಇರಬೇಕು, ಕೆಳಗೆ ಮೊಣಕಾಲು ಹೋಗಲು ಜಾಗ ಬೇಕು. ಪ್ರತಿ ಲ್ಯಾಬಿನಲ್ಲಿ ಹೀಗೆ ಒಂದೇ ಒಂದು ಟೇಬಲ್ ಇದ್ದರೂ ಸಾಕು. ಇಳಿಜಾರಿನ ಲೆಕ್ಕವೂ ಹಾಗೇ: 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ಆರಾರು ಇಂಚಿನ ಮೂರು ಮೆಟ್ಟಿಲಿಗೆ 18 ಅಡಿ ರ‍್ಯಾಂಪ್ ಬೇಕು. ಎಷ್ಟೋ ಕಡೆ ಮೂರು ಮೆಟ್ಟಿಲಿನ ಮೇಲೆ ಆರಡಿ ಸಿಮೆಂಟು ಸುರಿದು ರ‍್ಯಾಂಪ್ ಎನ್ನುತ್ತಾರೆ. ಅದರ ಮೇಲೆ ಗಾಲಿಕುರ್ಚಿ ಹತ್ತಿಸಲು ಇಬ್ಬರು ತಳ್ಳಬೇಕು, ಇಳಿಸುವಾಗ ಜೀವಭಯ. ಸಿವಿಲ್ ವಿಭಾಗ ಇರುವ ಕಾಲೇಜಿನಲ್ಲೇ ಇಂಥ ರ‍್ಯಾಂಪ್ ಕಂಡಾಗ ಬೇಜಾರಾಗುತ್ತದೆ. 2024ರ ನವೆಂಬರಿನಲ್ಲಿ ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಪ್ರವೇಶ ಸೌಲಭ್ಯದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಿರಬೇಕು.

ಮತ್ತೆ ಶೌಚಾಲಯ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಎಲ್ಲದಕ್ಕಿಂತ ಮೊದಲು. ಗಾಲಿಕುರ್ಚಿ ಒಳಗೆ ಹೋಗುವ ಶೌಚಾಲಯ ಇಲ್ಲದಿದ್ದರೆ ಹುಡುಗಿಯರು ಬೆಳಗ್ಗಿನಿಂದ ನೀರೇ ಕುಡಿಯದೆ ಇರುತ್ತಾರೆ. ಮಧ್ಯಾಹ್ನದ ಲ್ಯಾಬ್ ಹೊತ್ತಿಗೆ ತಲೆನೋವು. ಆರೋಗ್ಯ ಕೆಟ್ಟು ಓದು ಬಿಟ್ಟವರಿಗೆ ನಾವು 'ಆಸಕ್ತಿ ಇಲ್ಲ' ಎಂದು ಹಣೆಪಟ್ಟಿ ಹಚ್ಚುತ್ತೇವೆ.

ಗಣಿತದ ಬಗ್ಗೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಕ್ಷಮಿಸಿ. ಅದು ಬಂದರೆ ಉಳಿದದ್ದೆಲ್ಲ ಬರುತ್ತದೆ.

ರಷ್ಯಾದ ಲೆವ್ ಪೊಂಟ್ರ್ಯಾಗಿನ್ ಇಪ್ಪತ್ತನೇ ಶತಮಾನದ ದೊಡ್ಡ ಗಣಿತಜ್ಞರಲ್ಲಿ ಒಬ್ಬರು. ಹದಿನಾಲ್ಕನೇ ವಯಸ್ಸಿನಲ್ಲಿ ಸ್ಟವ್ ಸಿಡಿದು ಎರಡೂ ಕಣ್ಣು ಹೋದವು. ತಾಯಿ ತತ್ಯಾನಾ ಮಗನಿಗೆ ಗಣಿತದ ಪುಸ್ತಕಗಳನ್ನು ಓದಿ ಹೇಳತೊಡಗಿದರು. ಆಕೆಗೆ ಗಣಿತ ಗೊತ್ತಿರಲಿಲ್ಲ, ಚಿಹ್ನೆಗಳ ಹೆಸರೂ ಗೊತ್ತಿರಲಿಲ್ಲ. ಹಾಗಾಗಿ ಚಿಹ್ನೆ ಹೇಗೆ ಕಾಣುತ್ತದೋ ಹಾಗೆ ಹೇಳುತ್ತಿದ್ದರು. ಗಣಗಳ ಛೇದನದ ಚಿಹ್ನೆಗೆ 'ಬಾಲ ಕೆಳಗೆ', ಸಂಯೋಗದ ಚಿಹ್ನೆಗೆ 'ಬಾಲ ಮೇಲೆ'. ತಾಯಿ ಮಗ ಸೇರಿ ತಮ್ಮದೇ ಒಂದು ಭಾಷೆ ಕಟ್ಟಿಕೊಂಡರು. ಆ ಭಾಷೆಯ ಮೇಲೆ ನಿಂತು ಮಗ ಟೋಪಾಲಜಿಯಲ್ಲಿ, ಅಂದರೆ ಎಳೆದರೂ ಬಾಗಿಸಿದರೂ ಬದಲಾಗದ ಆಕಾರದ ಗುಣಗಳನ್ನು ಓದುವ ಗಣಿತದಲ್ಲಿ, ಹೊಸ ದಾರಿ ತೆರೆದ.

ಈ ಕತೆಯಿಂದ ಬರಹ ಸಹಾಯಕರ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಪರೀಕ್ಷೆ ಬರೆಯಲು ಸಹಾಯಕರನ್ನು ಕೊಡುತ್ತಾರೆ. ವಿದ್ಯಾರ್ಥಿ ತಾನೇ ಕರೆತಂದರೆ ಆ ಸಹಾಯಕ ಒಂದು ಹಂತ ಕೆಳಗೆ ಓದುತ್ತಿರಬೇಕು ಎಂಬುದು ಸಾಮಾನ್ಯ ನಿಯಮ. ನಕಲು ತಡೆಯಲು ಮಾಡಿದ್ದು, ಕಾರಣ ಅರ್ಥವಾಗುತ್ತದೆ. ಆದರೆ ದ್ವಿತೀಯ ಪಿಯು ಗಣಿತದಲ್ಲಿ ಅನುಕಲನ (ಇಂಟಿಗ್ರೇಷನ್) ಬರುತ್ತದೆ. ಪ್ರಥಮ ಪಿಯು ಗಣಿತ ಪುಸ್ತಕದಲ್ಲಿ ಅವಕಲನದವರೆಗೆ (ಡಿಫರೆನ್ಸಿಯೇಷನ್) ಮಾತ್ರ ಇದೆ. ಅಂದರೆ ಬರೆಯಲು ಕೂತ ಹುಡುಗ ಅನುಕಲನದ ಚಿಹ್ನೆಯನ್ನೇ ಗಣಿತದ ಪಾಠದಲ್ಲಿ ಕಂಡಿಲ್ಲ. ಕಲಾ ವಿಭಾಗದವನಾಗಿದ್ದರಂತೂ ಕೇಳುವುದೇ ಬೇಡ. ವಿದ್ಯಾರ್ಥಿ ತಲೆಯಲ್ಲಿ ಲೆಕ್ಕ ಬಿಡಿಸಿಟ್ಟುಕೊಂಡು, 'ಎಸ್ ಅಕ್ಷರ ಉದ್ದ ಎಳಿ, ಕೆಳಗೆ ಸೊನ್ನೆ, ಮೇಲೆ ಪೈ' ಎಂದು ಹೇಳುತ್ತಾ ಕೂರಬೇಕು. ಗಂಟೆಗೆ 20 ನಿಮಿಷ ಹೆಚ್ಚಿನ ಸಮಯ ಕೊಡುತ್ತಾರೆ, ಅದು ಈ ವಿವರಣೆಯಲ್ಲೇ ಕರಗಿಹೋಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಪೊಂಟ್ರ್ಯಾಗಿನ್ ತಾಯಿಗೂ ಮಗನಿಗೂ ವರ್ಷಗಟ್ಟಲೆ ಅಭ್ಯಾಸ ಇತ್ತು. ನಮ್ಮ ಮಕ್ಕಳಿಗೆ ಬರೆಯುವವರ ಮುಖ ಕಾಣುವುದೇ ಎಷ್ಟೋ ಸಲ ಪರೀಕ್ಷೆಯ ಬೆಳಗ್ಗೆ. ಕಾಲೇಜಿನವರು ಜೂನ್‌ನಲ್ಲೇ ಇಬ್ಬರು ಮೂವರು ಕಿರಿಯ ವಿದ್ಯಾರ್ಥಿಗಳನ್ನು ಗೊತ್ತು ಮಾಡಿ. ಪ್ರತಿ ಕಿರುಪರೀಕ್ಷೆಯನ್ನೂ ಅವರೇ ಬರೆಯಲಿ. ಚಿಹ್ನೆ ಬರೆಯುವುದನ್ನು ಗಣಿತದ ಉಪನ್ಯಾಸಕರೇ ಅವರಿಗೆ ಒಂದು ಗಂಟೆ ಕೂತು ಕಲಿಸಲಿ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ: ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲೇ ವಿದ್ಯಾರ್ಥಿಗೆ ಬ್ರೈಲ್, ಕಂಪ್ಯೂಟರ್, ದೊಡ್ಡಕ್ಷರ, ಧ್ವನಿಮುದ್ರಣ, ಇವುಗಳಲ್ಲಿ ತನಗೆ ಒಗ್ಗುವ ವಿಧಾನವನ್ನು ಸಾಧ್ಯವಾದ ಮಟ್ಟಿಗೆ ಆರಿಸಿಕೊಳ್ಳುವ ಅವಕಾಶ ಕೊಟ್ಟಿದ್ದರು. ಕಂಪ್ಯೂಟರಿನಲ್ಲಿ ಬರೆಯುತ್ತೇನೆ ಎಂದು ವಿದ್ಯಾರ್ಥಿ ಕೇಳಿದರೆ ಗಾಬರಿ ಆಗಬೇಡಿ. ಶೇ. 40ರ ಪ್ರಮಾಣಪತ್ರ ಇಲ್ಲ ಎಂಬ ಒಂದೇ ಕಾರಣಕ್ಕೆ ಬರಹ ಸಹಾಯಕರನ್ನು ನಿರಾಕರಿಸುವ ಹಾಗೂ ಇಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಯ ಪರವಾಗಿ, ವಿಕಾಸ್ ಕುಮಾರ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 2021ರಲ್ಲೇ ತೀರ್ಪು ಕೊಟ್ಟಿದೆ.

ಗಣಿತ ಕೇಳಿಸಿಕೊಂಡು ಓದುವುದು ಹೇಗೆ? ಇದಕ್ಕೆ ದಾರಿ ತೋರಿಸಿದವರಲ್ಲಿ ನಮ್ಮ ದೇಶದವರೇ ಒಬ್ಬರಿದ್ದಾರೆ. ಪುಣೆಯ ಟಿ. ವಿ. ರಾಮನ್. ಹದಿನಾಲ್ಕನೇ ವಯಸ್ಸಿಗೆ ಗ್ಲಕೋಮಾದಿಂದ ದೃಷ್ಟಿ ಹೋಯಿತು. ಐಐಟಿ ಬಾಂಬೆಯಲ್ಲಿ ಓದಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ಪಿಎಚ್‌ಡಿ ಮಾಡಿದರು. ಅವರ ಪ್ರಬಂಧದ ವಿಷಯವೇ ಗಣಿತದ ಬರಹವನ್ನು ಧ್ವನಿಯಾಗಿ ಮಾಡುವುದು. ಘಾತ ಬಂದಾಗ ದನಿ ಏರುತ್ತದೆ, ಕೆಳಗಿನ ಅಂಕೆ ಬಂದಾಗ ಇಳಿಯುತ್ತದೆ. ಆ ತಂತ್ರಾಂಶಕ್ಕೆ ಆಸ್ಟರ್ ಎಂದು ಹೆಸರು, ಅದು ಅವರ ಮಾರ್ಗದರ್ಶಿ ನಾಯಿಯ ಹೆಸರೂ ಹೌದು. ಆಮೇಲೆ ಗೂಗಲ್‌ನಲ್ಲಿ ಕೆಲಸ ಮಾಡಿದರು. ಈಗ ಈ ಕೆಲಸಕ್ಕೆ ಖರ್ಚೂ ಇಲ್ಲ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ, ಉಚಿತ. ಕನ್ನಡವನ್ನೂ ಓದುತ್ತದೆ. ಸರಿಯಾದ ರೂಪದಲ್ಲಿ ಕೊಟ್ಟರೆ ಸಮೀಕರಣವನ್ನೂ ಓದುತ್ತದೆ.

ಸರಿಯಾದ ರೂಪ ಎಂದೆ. ಇಲ್ಲಿ ಕನ್ನಡದ್ದೇ ಒಂದು ತೊಡಕಿದೆ. ನಮ್ಮ ಎಷ್ಟೋ ನೋಟ್ಸ್, ಪ್ರಶ್ನೆಪತ್ರಿಕೆ, ಸುತ್ತೋಲೆಗಳು ಇವತ್ತಿಗೂ ಹಳೆಯ ನುಡಿ, ಬರಹ ಫಾಂಟಿನಲ್ಲಿವೆ. ಕಣ್ಣಿಗೆ ಚೆಂದದ ಕನ್ನಡ. ಸ್ಕ್ರೀನ್ ರೀಡರಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡಿನಲ್ಲಿ ಟೈಪ್ ಮಾಡಿದರೆ ಸರಾಗವಾಗಿ ಓದುತ್ತದೆ. ಕೈಬರಹದ ನೋಟ್ಸ್ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಕಣ್ಣು ಕಾಣದ ವಿದ್ಯಾರ್ಥಿಗೆ ಅದು ಖಾಲಿ ಹಾಳೆಯೇ. ಯೂನಿಕೋಡ್ ಬಳಸಲು ದುಡ್ಡು ಬೇಡ, ಆದೇಶ ಬೇಡ. ಇವತ್ತು ಸಂಜೆಯಿಂದಲೇ ಶುರು ಮಾಡಬಹುದು.

ತರಗತಿಯಲ್ಲಿ ಮಾತಾಡುವ ರೀತಿಯೂ ಬದಲಾಗಬೇಕು. ಬೋರ್ಡಿನ ಮೇಲೆ ಬರೆಯುತ್ತಾ 'ಇದನ್ನು ಇಲ್ಲಿಂದ ತೆಗೆದು ಅಲ್ಲಿ ಹಾಕಿದರೆ ಇದು ಬರುತ್ತದೆ' ಎನ್ನುತ್ತೇವೆ. ಕಣ್ಣು ಮುಚ್ಚಿ ಆ ವಾಕ್ಯ ಕೇಳಿ. 'ಎ ಪ್ಲಸ್ ಬಿ ಬೈ ಸಿ' ಎಂದರೆ ಎ ಮತ್ತು ಬಿ ಕೂಡಿಸಿ ಸಿಯಿಂದ ಭಾಗಿಸುವುದೋ, ಬಿಯನ್ನು ಮಾತ್ರ ಭಾಗಿಸುವುದೋ? 'ಎ ಪ್ಲಸ್ ಬಿ, ಇಡಿಯಾಗಿ, ಬೈ ಸಿ' ಎಂದು ಹೇಳುವ ಅಭ್ಯಾಸ ಮಾಡಿಕೊಳ್ಳಿ. ಹಿಂದಿನ ಬೆಂಚಿನವರಿಗೂ ಪಾಠ ತಿಳಿಯಾಗುತ್ತದೆ. ಚಿತ್ರಗಳಿಗೆ ಐಐಟಿ ದೆಹಲಿಯವರು ಮುಟ್ಟಿ ಓದುವ ಚಿತ್ರಗಳನ್ನೇ ತಯಾರಿಸಿದ್ದಾರೆ. ಅದು ಬರುವವರೆಗೆ ಕಾಯಬೇಕಿಲ್ಲ. ದಪ್ಪ ಹಾಳೆಯ ಮೇಲೆ ದರ್ಜಿಯವರು ಗುರುತು ಹಾಕುವ ಹಲ್ಲಿನ ಚಕ್ರ ಓಡಿಸಿ, ಹಾಳೆ ತಿರುಗಿಸಿದರೆ ಉಬ್ಬು ಗೆರೆ ಸಿಗುತ್ತದೆ. ಗ್ರಾಫಿಗೆ ಮೆತ್ತನೆಯ ಹಲಗೆ, ಗುಂಡುಪಿನ್ನು, ರಬ್ಬರ್ ಬ್ಯಾಂಡ್ ಸಾಕು. ನಮ್ಮ ಬೆಂಗಳೂರಿನಲ್ಲೇ, ಐಐಐಟಿ (ಮಾಹಿತಿ ತಂತ್ರಜ್ಞಾನ ಸಂಸ್ಥೆ) ಆವರಣದಲ್ಲಿ ಹುಟ್ಟಿದ ವಿಷನ್ ಎಂಪವರ್ ಸಂಸ್ಥೆ ಅಂಧ ಮಕ್ಕಳ ಶಾಲೆಗಳಿಗೆ ಗಣಿತ, ವಿಜ್ಞಾನ ಕಲಿಸುವ ಸಾಮಗ್ರಿ ಮಾಡುತ್ತಿದೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ವೈ. ವಿದ್ಯಾ ಸ್ವತಃ ದೃಷ್ಟಿ ಇಲ್ಲದವರು, ಅದೇ ಐಐಐಟಿಯಲ್ಲಿ ಓದಿದವರು.

ಕಿವಿ ಕೇಳದ ವಿದ್ಯಾರ್ಥಿಗಳ ಕಷ್ಟ ಹೊರಗೆ ಕಾಣುವುದಿಲ್ಲ. ಅದಕ್ಕೇ ಅವರ ಬಗ್ಗೆ ನಮ್ಮ ಗಮನ ಕಡಿಮೆ. ಲ್ಯಾಬಿನಲ್ಲಿ ಅವರ ಕೈ ಚುರುಕು, ಚಿತ್ರ ಬರೆಯುವುದು ಅಚ್ಚುಕಟ್ಟು, ಹಾಗಾಗಿ 'ಇವನಿಗೇನೂ ತೊಂದರೆ ಇಲ್ಲ' ಎಂದುಕೊಳ್ಳುತ್ತೇವೆ. ನಾವು ಬೋರ್ಡಿನ ಕಡೆ ತಿರುಗಿ ಮಾತಾಡಿದ ಅಷ್ಟೂ ಹೊತ್ತು ಅವರಿಗೆ ಪಾಠ ನಿಂತಿರುತ್ತದೆ. ಬರೆಯಿರಿ, ತಿರುಗಿ, ಆಮೇಲೆ ಮಾತಾಡಿ. ಇನ್ನೊಂದು, ಸಂಜ್ಞಾ ಭಾಷೆ. ಟಾರ್ಕ್, ಎಂಟ್ರೊಪಿ, ಇಂಪಿಡೆನ್ಸ್ ಇಂಥ ಪದಗಳಿಗೆ ಸಂಜ್ಞೆ ಇಲ್ಲದಿದ್ದರೆ ಒಂದೊಂದು ಅಕ್ಷರವನ್ನೂ ಬೆರಳಲ್ಲಿ ತೋರಿಸಬೇಕು. ಅಷ್ಟರಲ್ಲಿ ಪಾಠ ಮುಂದೆ ಓಡಿರುತ್ತದೆ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಕೇಂದ್ರ 10,000 ಪದಗಳ ನಿಘಂಟು ಮಾಡಿದೆ. ಅದರ ವಿಡಿಯೊಗಳನ್ನು ಯಾರು ಬೇಕಾದರೂ ನೋಡಬಹುದು.

ಇಲ್ಲಿ ನಮಗೆ ದೊಡ್ಡ ಕೊರತೆ ಇದೆ. ಅಮೆರಿಕದ ರಾಚೆಸ್ಟರ್‌ನಲ್ಲಿ ಕಿವುಡ ವಿದ್ಯಾರ್ಥಿಗಳಿಗಾಗಿಯೇ ಒಂದು ರಾಷ್ಟ್ರೀಯ ತಾಂತ್ರಿಕ ಸಂಸ್ಥೆ 1968ರಿಂದ ಪಾಠ ಮಾಡುತ್ತಿದೆ. ಅದು ದೊಡ್ಡ ತಾಂತ್ರಿಕ ವಿಶ್ವವಿದ್ಯಾಲಯದ ಒಳಗೇ ಇದೆ. ಕಿವುಡರೂ ಕೇಳುವವರೂ ಒಂದೇ ಕ್ಯಾಂಪಸ್ಸಿನಲ್ಲಿ ಓದುತ್ತಾರೆ. ನಮ್ಮ ಮೈಸೂರಿನಲ್ಲಿ ವಿಕಲಚೇತನರ ಜೆಎಸ್‌ಎಸ್ ಪಾಲಿಟೆಕ್ನಿಕ್ ಇದೆ. ಡಿಪ್ಲೊಮಾದವರೆಗೆ ಬಹಳ ಮಕ್ಕಳಿಗೆ ಆಸರೆ ಆಗಿದೆ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ (ನೇರವಾಗಿ ಎರಡನೇ ವರ್ಷಕ್ಕೆ) ಬಿಇಗೆ ಬರುವ ಕಿವುಡ ವಿದ್ಯಾರ್ಥಿಯನ್ನು ಕೈಹಿಡಿಯಲು ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ತಯಾರಿವೆಯೇ? ಒಬ್ಬ ಸಂಜ್ಞಾ ಭಾಷಾ ಅನುವಾದಕರನ್ನು ನೇಮಿಸಿಕೊಂಡ ಕಾಲೇಜನ್ನು ನಾನು ಹುಡುಕುತ್ತಲೇ ಇದ್ದೇನೆ.

ಇನ್ನು ಕೆಲಸ. ಇಲ್ಲಿ ಕೂತಿರುವ ಪ್ಲೇಸ್‌ಮೆಂಟ್ ಅಧಿಕಾರಿಗಳಿಗೆ ನನ್ನ ಕಳಕಳಿಯ ಮಾತು. ಕಣ್ಣು ಕಾಣದವರು ಕೋಡ್ ಬರೆಯಬಲ್ಲರೇ ಎಂದು ಈಗಲೂ ಕೇಳುತ್ತಾರೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಾಲಿನ ಮುಂದೆ ಎಷ್ಟು ಜಾಗ ಬಿಟ್ಟಿದೆ ಎಂಬುದರ ಮೇಲೆ ಅರ್ಥವೇ ಬದಲಾಗುತ್ತದೆ. ಆ ಜಾಗವನ್ನು ಎನ್‌ವಿಡಿಎ ಸ್ವರದ ಏರಿಳಿತದಲ್ಲಿ ಕೇಳಿಸುತ್ತದೆ. ಮೈಕ್ರೋಸಾಫ್ಟ್‌ನ ಸಾಕಿಬ್ ಶೇಖ್ ಕಣ್ಣು ಕಾಣದ ಎಂಜಿನಿಯರ್. 2017ರಲ್ಲಿ ಹೊರಬಂದ ಸೀಯಿಂಗ್ ಎಐ ಎಂಬ, ಸುತ್ತಲಿನದನ್ನು ವಿವರಿಸಿ ಹೇಳುವ ಆ್ಯಪ್ ಅವರು ಮುಂದೆ ನಿಂತು ಮಾಡಿಸಿದ್ದು. ಕೋಡಿಂಗ್ ಆಗುತ್ತದೋ ಇಲ್ಲವೋ ಎಂಬ ಪ್ರಶ್ನೆ ಮುಗಿದಿದೆ.

ಮುಗಿಯದೆ ಇರುವುದು ಆನ್‌ಲೈನ್ ಪರೀಕ್ಷೆ. ಕ್ಯಾಂಪಸ್ ನೇಮಕಾತಿಯ ಮೊದಲ ಸುತ್ತಿನಲ್ಲೇ 'ಮುಂದಿನ ಚಿತ್ರ ಯಾವುದು' ಎಂಬ ಪ್ರಶ್ನೆಗಳು ಬರುತ್ತವೆ. ಎಷ್ಟೋ ಸಲ ಪರೀಕ್ಷೆಯ ತಂತ್ರಾಂಶ ಬೇರೆ ಪ್ರೋಗ್ರಾಂಗಳನ್ನು ಬಂದ್ ಮಾಡುತ್ತದೆ, ಜೊತೆಗೆ ಸ್ಕ್ರೀನ್ ರೀಡರ್ ಕೂಡ ಬಂದ್. ಕ್ಯಾಮೆರಾ ವಿದ್ಯಾರ್ಥಿಯ ಕಣ್ಣು ಪರದೆಯ ಮೇಲಿಲ್ಲ ಎಂದು ಎಚ್ಚರಿಕೆ ಕೊಡುತ್ತದೆ. ನಾಲ್ಕು ವರ್ಷ ಕಷ್ಟಪಟ್ಟು ಓದಿದವರು ನಕಲು ಮಾಡಿದವರ ಪಟ್ಟಿಗೆ ಸೇರುತ್ತಾರೆ. ಇದು ವಿದ್ಯಾರ್ಥಿ ಒಬ್ಬರೇ ಬಿಡಿಸಿಕೊಳ್ಳಬಹುದಾದ ಗಂಟಲ್ಲ. ಕಂಪನಿ ಬರುವ ಮೊದಲೇ ಪ್ಲೇಸ್‌ಮೆಂಟ್ ಕಚೇರಿಯಿಂದ ಪತ್ರ ಹೋಗಬೇಕು: ನಮ್ಮಲ್ಲಿ ಇಂಥ ವಿದ್ಯಾರ್ಥಿ ಇದ್ದಾರೆ, ಇಂಥ ಅನುಕೂಲ ಬೇಕು, ಪರೀಕ್ಷೆಯನ್ನು ಮೊದಲೇ ಒಮ್ಮೆ ಪ್ರಯೋಗ ಮಾಡಿ ನೋಡೋಣ. 2016ರ ಕಾಯ್ದೆ ಖಾಸಗಿ ಕಂಪನಿಗಳೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು ಎನ್ನುತ್ತದೆ. ನಿಮ್ಮ ನೀತಿಯ ಪ್ರತಿ ಕಳಿಸಿ ಎಂದು ಕಾಲೇಜು ಕೇಳಬಹುದು. ಬೆಂಗಳೂರಿನ ಎನೇಬಲ್ ಇಂಡಿಯಾ 1999ರಿಂದ ವಿಕಲಚೇತನರಿಗೆ ಕೆಲಸದ ತರಬೇತಿ ಕೊಡುತ್ತಾ, ಕಂಪನಿಗಳ ಜೊತೆ ಕೂಡಿಸುತ್ತಾ ಬಂದಿದೆ. ಕೊನೆಯ ಸೆಮಿಸ್ಟರ್‌ವರೆಗೆ ಕಾಯದೆ ಎರಡನೇ ವರ್ಷದಲ್ಲೇ ಅಂಥವರ ಸಂಪರ್ಕ ಮಾಡಿಸಿ.

ಎಲ್ಲರನ್ನೂ ಕಂಪ್ಯೂಟರ್ ಸೈನ್ಸಿಗೆ ತಳ್ಳುವುದೂ ಸರಿಯಲ್ಲ. ಖೇರಾಟ್ ವರ್ಮೈ ಎಂಬ ವಿಜ್ಞಾನಿ ಮೂರನೇ ವಯಸ್ಸಿನಿಂದ ಕಣ್ಣು ಕಾಣದವರು. ಅವರ ಕ್ಷೇತ್ರ ಕಪ್ಪೆಚಿಪ್ಪು, ಶಂಖ, ಅವುಗಳ ಪಳೆಯುಳಿಕೆ. ಯೇಲ್ ವಿಶ್ವವಿದ್ಯಾಲಯಕ್ಕೆ ಸಂದರ್ಶನಕ್ಕೆ ಹೋದಾಗ, ಇದು ನಿಮ್ಮಿಂದ ಆಗದ ಕೆಲಸ ಎಂದು ಮನವರಿಕೆ ಮಾಡಲು ಅಲ್ಲಿನ ಒಬ್ಬ ವಿಜ್ಞಾನಿ ಸಂಗ್ರಹಾಲಯಕ್ಕೆ ಕರೆದೊಯ್ದು ಒಂದು ಚಿಪ್ಪು ಕೈಗೆ ಕೊಟ್ಟರು. ವರ್ಮೈ ಬೆರಳಾಡಿಸಿ ಅದರ ಹೆಸರು ಹೇಳಿದರು. ಇನ್ನೊಂದು ಕೊಟ್ಟರು, ಅದರದ್ದೂ ಹೇಳಿದರು. ಅಲ್ಲಿಂದ ಆ ವಿಜ್ಞಾನಿ ಅವರ ಬೆಂಬಲಕ್ಕೆ ನಿಂತರು. ಏಡಿಯಂಥ ಬೇಟೆ ಪ್ರಾಣಿಗಳಿಂದಾಗಿ ಚಿಪ್ಪುಗಳು ಕಾಲಾಂತರದಲ್ಲಿ ಹೇಗೆ ಗಟ್ಟಿಯಾಗುತ್ತಾ ಬಂದವು ಎಂಬುದರ ಬಗ್ಗೆ ವರ್ಮೈ ಮಾಡಿದ ಕೆಲಸ ಜೀವವಿಕಾಸದ ಅಧ್ಯಯನದಲ್ಲಿ ದೊಡ್ಡದು. ನಮ್ಮ ಕಾರವಾರ, ಉಡುಪಿ ಕಡಲತೀರದಲ್ಲಿ ಚಿಪ್ಪು ಹೆಕ್ಕುತ್ತಾ ಬೆಳೆದ, ಕಣ್ಣು ಕಾಣದ ಮಗುವಿಗೆ ಕಡಲ ಜೀವವಿಜ್ಞಾನ ಓದು ಎಂದು ನಾವು ಎಂದಾದರೂ ಹೇಳಿದ್ದೇವೆಯೇ?

ಮಾತು ಇಲ್ಲಿಗೆ ನಿಲ್ಲಿಸಿ ಪ್ರಶ್ನೆಗಳಿಗೆ ಹೋದೆವು. ಬಂದವುಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಪ್ರಾಂಶುಪಾಲರು ಕೇಳಿದರು: 'ನಮ್ಮ ಫಿಸಿಕ್ಸ್ ಲ್ಯಾಬ್ ಎರಡನೇ ಮಹಡಿಯಲ್ಲಿದೆ. ಲಿಫ್ಟ್ ಹಾಕಿಸಲು ಅನುದಾನ ಇಲ್ಲ. ಕಾಲು ಸ್ವಾಧೀನ ಇಲ್ಲದ ಹುಡುಗ ಸೇರಿದ್ದಾನೆ. ಏನು ಮಾಡಲಿ?' ಕೆಳಗಿನ ಮಹಡಿಯಲ್ಲಿ ಏನಿದೆ ಎಂದು ಕೇಳಿದೆ. ಕಚೇರಿ ಮತ್ತು ಸ್ಟಾಫ್ ರೂಂ ಎಂದರು. ಸ್ಟಾಫ್ ರೂಂ ಮೇಲೆ ಹೋಗಲಿ, ಲ್ಯಾಬ್ ಕೆಳಗೆ ಬರಲಿ. ಪೂರ್ತಿ ಲ್ಯಾಬ್ ಆಗದಿದ್ದರೆ ಆ ಬ್ಯಾಚಿನ ಪ್ರಯೋಗಗಳ ಉಪಕರಣಗಳನ್ನಾದರೂ ಕೆಳಗಿನ ಒಂದು ಕೋಣೆಗೆ ತನ್ನಿ. ಆ ಹುಡುಗನನ್ನು ಗೆಳೆಯರು ಎತ್ತಿಕೊಂಡು ಹೋಗುವುದನ್ನು ದಯವಿಟ್ಟು ವ್ಯವಸ್ಥೆ ಎಂದು ಕರೆಯಬೇಡಿ.

ಕೊನೆಗೆ ಒಬ್ಬ ತಂದೆ ಎದ್ದು ನಿಂತರು. ಮಗಳು ಏಳನೇ ತರಗತಿ, ಮಂದದೃಷ್ಟಿ, ಲೆಕ್ಕ ಅಂದರೆ ಪ್ರಾಣ. ಶಾಲೆಯಲ್ಲಿ ಈಗಲೇ ಬದಲಿ ವಿಷಯದ ಮಾತು ಶುರುವಾಗಿದೆ. 'ನಾನು ಓದಿದವನಲ್ಲ ಸಾರ್, ಏನು ಕೇಳಬೇಕು ಅಂತಲೇ ಗೊತ್ತಾಗಲ್ಲ' ಎಂದರು.

ಅವರಿಗೆ ಹೇಳಿದ್ದನ್ನೇ ಬರೆಯುತ್ತೇನೆ. ಅಣ್ಣಾ, ಮಗಳು ಗಣಿತ, ವಿಜ್ಞಾನ ಎರಡನ್ನೂ ಓದುತ್ತಾಳೆ ಎಂದು ಎಂಟನೇ ತರಗತಿಗೆ ಸೇರಿಸುವಾಗಲೇ ಮುಖ್ಯ ಶಿಕ್ಷಕರಿಗೆ ಬರವಣಿಗೆಯಲ್ಲಿ ಕೊಡಿ, ಒಂದು ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಜಿಲ್ಲಾಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಮಾಡಿಸಿ. ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ಹಾಕಲು ನೆರವಾಗುತ್ತಾರೆ. ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ ಹೋಗಿ ಬಿಐಇಆರ್‌ಟಿ ಮೇಷ್ಟ್ರು ಯಾರು ಎಂದು ಕೇಳಿ. ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವವರು ಅವರು. ದೊಡ್ಡಕ್ಷರದ ಪುಸ್ತಕ, ಭೂತಗನ್ನಡಿ ಅವರ ಮೂಲಕ ಕೇಳಿ. ಮತ್ತೆ ಈ ಬೇಸಿಗೆ ರಜೆಯಲ್ಲಿ ಎಲ್ಲಾದರೂ ಒಂದು ಹಳೆಯ ಕಂಪ್ಯೂಟರ್ ಸಿಕ್ಕರೆ ಎನ್‌ವಿಡಿಎ ಹಾಕಿಸಿ, ಕೀಬೋರ್ಡ್ ನೋಡದೆ ಟೈಪ್ ಮಾಡುವುದನ್ನು ಕಲಿಸಿ. ದಿನಕ್ಕೆ ಅರ್ಧ ಗಂಟೆ ಸಾಕು. ಎಂಟನೇ ತರಗತಿಯಲ್ಲಿ ಬೀಜಗಣಿತ ಜೋರಾಗಿ ಶುರುವಾಗುತ್ತದೆ. ಅಷ್ಟರೊಳಗೆ ಅವಳ ಬೆರಳು ಪಳಗಿರಲಿ.